ಕೊರಳು ಬೋಳಾದ ಮರಿಯನ್ನು ಕೈಬಿಡಬೇಡಿ

(ಹಿತ್ತಲ ಕೋಳಿ ಸಾಕಣೆ ಮಾಡುವ ರೈತರು ಮತ್ತು ರೈತ ಮಹಿಳೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪರದೆಯ ಮೇಲೆ ಈ ಕೋಳಿಯ ಚಿತ್ರ ಬಂದ ಕೂಡಲೇ ಹಿಂದಿನ ಸಾಲಿನಿಂದ ‘ಇದಕ್ಕೆ ಕಜ್ಜಿ ಬಂದಿದೆಯಾ ಸಾರ್?’ ಅಂತ ಒಬ್ಬರು ಕೇಳಿದರು. ಕೇಳಿದ್ದು ಒಳ್ಳೆಯದಾಯಿತು, ಮಾತು ಅಲ್ಲಿಂದಲೇ ಶುರು ಮಾಡೋಣ. ನೋಡಿ, ಮೈಮೇಲೆ ಪುಕ್ಕ ಇದೆ. ಬಾಲ ಸೊಗಸಾಗಿದೆ. ನೆತ್ತಿಯ ಮೇಲೆ ಟೋಪಿ ಇಟ್ಟ ಹಾಗೆ ಒಂದಿಷ್ಟು ಪುಕ್ಕ ಕೂತಿದೆ. ಆದರೆ ದವಡೆಯಿಂದ ಕೆಳಗೆ, ಎದೆಯ ಮೇಲ್ಭಾಗದವರೆಗೆ ಬರೀ ಚರ್ಮ. ಬಿಸಿಲಿಗೆ ಬಿದ್ದು ಕೆಂಪಾದ ಚರ್ಮ. ಇದು ರೋಗವಲ್ಲ, ಬೇರೆ ಕೋಳಿಗಳು ಕುಕ್ಕಿ ಕಿತ್ತದ್ದೂ ಅಲ್ಲ. ಈ ಹಕ್ಕಿ ಮೊಟ್ಟೆ ಒಡೆದು ಹೊರಗೆ ಬಂದಾಗಲೇ ಹೀಗಿತ್ತು, ಸಾಯುವವರೆಗೂ ಹೀಗೇ ಇರುತ್ತದೆ.

ಇಂಥ ಒಂದು ಮರಿ ನಿಮ್ಮ ಹಿತ್ತಲಲ್ಲೂ ಎಂದೋ ಹುಟ್ಟಿರಬಹುದು. ನಾಟಿ ಹಿಂಡುಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣಿಸಿಕೊಳ್ಳುತ್ತದೆ. ಅವಲಕ್ಷಣ ಎಂದು ಅದನ್ನು ಸಂತೆಗೆ ಸಾಗಿಸುವುದು, ಇಲ್ಲವೇ ಮೊದಲು ಕೊಯ್ಯುವುದು ವಾಡಿಕೆ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ಬೇಸಿಗೆ ಬಿರುಸಾಗಿರುವ ಊರಿನಲ್ಲಿ ನೀವು ಹಾಗೆ ಕಳೆದುಕೊಂಡದ್ದು ಹಿಂಡಿನಲ್ಲೇ ಬೆಲೆಬಾಳುವ ಹಕ್ಕಿಯನ್ನು. ಯಾಕೆ ಅಂತ ವಿವರವಾಗಿ ಹೇಳುತ್ತೇನೆ. ಎಲ್ಲಿ ಅದರಿಂದ ಲಾಭವಿಲ್ಲ ಅನ್ನುವುದನ್ನೂ ಮುಚ್ಚಿಡುವುದಿಲ್ಲ.

ಈ ಲಕ್ಷಣವನ್ನು ಒಂದು ತಳಿಯಾಗಿ ಕಟ್ಟಿ ನಿಲ್ಲಿಸಿದ ನಾಡು ಟ್ರಾನ್ಸಿಲ್ವೇನಿಯಾ. ಈಗ ರೊಮೇನಿಯಾ ದೇಶದಲ್ಲಿದೆ, ಮೊದಲನೆಯ ಮಹಾಯುದ್ಧದವರೆಗೆ ಹಂಗೇರಿಯ ರಾಜ್ಯಕ್ಕೆ ಸೇರಿತ್ತು. ಕಾರ್ಪೇಥಿಯನ್ ಬೆಟ್ಟಸಾಲು ಸುತ್ತುವರಿದ, ಚಳಿಗಾಲದಲ್ಲಿ ಹಿಮ ಬೀಳುವ ಜಾಗ. ಅಲ್ಲಿನ ರೈತರು ಸಾಕುತ್ತಿದ್ದ ಬೋಳು ಕೊರಳಿನ ಕೋಳಿಗಳನ್ನು 1875ರಲ್ಲಿ ವಿಯೆನ್ನಾದ ಪ್ರದರ್ಶನದಲ್ಲಿ ಇಟ್ಟಾಗ ಯುರೋಪಿನ ಉಳಿದ ಭಾಗದ ಕೋಳಿಪ್ರಿಯರು ಬೆರಗಾದರು. ಅಲ್ಲಿಂದ ಜರ್ಮನಿ, ಫ್ರಾನ್ಸ್, ಅಮೆರಿಕ ಎಂದು ಹರಡಿತು. ಅಮೆರಿಕದ ಪೌಲ್ಟ್ರಿ ಸಂಘ 1965ರಲ್ಲಿ ಇದನ್ನು ಅಧಿಕೃತ ತಳಿಯಾಗಿ ಒಪ್ಪಿಕೊಂಡಿತು. ಅವರ ಮಾನದಂಡದಲ್ಲಿ ಬಲಿತ ಹುಂಜದ ತೂಕ ಸುಮಾರು 3.9 ಕಿಲೋ, ಹೇಟೆಯದು 2.9 ಕಿಲೋ. ಕಪ್ಪು, ಬಿಳಿ, ಕೆಂಪು, ತಿಳಿ ಕಂದು ಬಣ್ಣಗಳಲ್ಲಿ ಬರುತ್ತದೆ. ಹಂಗೇರಿಯವರು ಗೊಡೊಲ್ಲೊ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ ಕಪ್ಪು, ಬಿಳಿ ಮತ್ತು ಚುಕ್ಕಿಪಟ್ಟೆಯ ಬೋಳು ಕೊರಳಿನ ಹಿಂಡುಗಳನ್ನು ಇಂದಿಗೂ ಬೇರೆಬೇರೆಯಾಗಿ ಕಾಪಾಡಿಕೊಂಡು ಬಂದಿದ್ದಾರೆ. ಅದಕ್ಕೆ ಅವರನ್ನು ಮೆಚ್ಚಬೇಕು. ನೋಟ ಚೆನ್ನಾಗಿಲ್ಲ ಅಂತ ಒಂದು ತಲೆಮಾರು ಬಿಟ್ಟುಬಿಟ್ಟಿದ್ದರೂ ಆ ಹಿಂಡುಗಳು ಉಳಿಯುತ್ತಿರಲಿಲ್ಲ.

ಕೋಳಿಗೂ ಟರ್ಕಿ ಹಕ್ಕಿಗೂ ಹುಟ್ಟಿದ ಮಿಶ್ರತಳಿ ಇದು ಅಂತ ಕೆಲವರು ನಂಬಿದ್ದರು, ಈಗಲೂ ಕೆಲವು ವಿಡಿಯೋಗಳಲ್ಲಿ ಹಾಗೆ ಹೇಳುವುದನ್ನು ನೀವು ಕೇಳಬಹುದು. ಅದು ಸುಳ್ಳು. ಇದು ನೂರಕ್ಕೆ ನೂರು ಕೋಳಿಯೇ. ಯಾವ ನಾಟಿ ಕೋಳಿಯ ಜೊತೆ ಕೂಡಿದರೂ ಮರಿಯಾಗುತ್ತದೆ, ಆ ಮರಿಗಳಿಗೂ ಮರಿಯಾಗುತ್ತದೆ. ಬೇರೆ ಪುರಾವೆ ಬೇಕಿಲ್ಲ.

ಈಗ ಕೊರಳಿನ ವಿಷಯಕ್ಕೆ ಬರೋಣ.

ಕೋಳಿಗೆ ಬೆವರು ಗ್ರಂಥಿ ಇಲ್ಲ. ಅದರ ಮೈಯ ಬಿಸಿ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು. ನಮಗಿಂತ ನಾಲ್ಕು ಡಿಗ್ರಿ ಹೆಚ್ಚು. ಮೇವು ತಿಂದು ಅರಗಿಸುವಾಗ, ಮೊಟ್ಟೆ ಕಟ್ಟುವಾಗ, ಬೆಳೆಯುವಾಗ ಒಳಗೆ ಬಿಸಿ ಹುಟ್ಟುತ್ತಲೇ ಇರುತ್ತದೆ, ಅದು ಹೊರಗೆ ಹೋಗಲೇಬೇಕು. ಹೋಗಲು ದಾರಿ ಯಾವುದು? ಜುಟ್ಟು, ಗದ್ದದ ಜೋಲು, ಕಾಲು, ಹೀಗೆ ಪುಕ್ಕವಿಲ್ಲದ ಜಾಗಗಳು. ಉಳಿದ ಮೈಯೆಲ್ಲ ಪುಕ್ಕದಿಂದ ಮುಚ್ಚಿದೆ. ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ರಸ್ತೆಯಲ್ಲಿ ಕಂಬಳಿ ಹೊದ್ದು ನಡೆಯುವವನ ಪಾಡು ಹೇಗಿರುತ್ತದೋ ಕೋಳಿಯ ಪಾಡೂ ಹಾಗೇ. ಹೊರಗಿನ ಬಿಸಿ 30 ಡಿಗ್ರಿ ದಾಟಿತೆಂದರೆ ಕೋಳಿ ರೆಕ್ಕೆ ಅಗಲಿಸಿ ನಿಲ್ಲುತ್ತದೆ, ಬಾಯಿ ತೆರೆದು ಏದುಸಿರು ಬಿಡುತ್ತದೆ. ಉಸಿರಿನ ತೇವದ ಜೊತೆ ಬಿಸಿಯನ್ನು ಹೊರಹಾಕುವ ಉಪಾಯ ಅದು.

ಈ ಏದುಸಿರಿಗೆ ಕೋಳಿ ತೆರುವ ಬೆಲೆಯನ್ನು ನೀವು ಕಣ್ಣಾರೆ ಕಂಡಿದ್ದೀರಿ. ಬೇಸಿಗೆಯಲ್ಲಿ ಮೊಟ್ಟೆಯ ಓಡು ತೆಳ್ಳಗಾಗುತ್ತದಲ್ಲ, ಬೆರಳು ತಾಗಿದರೆ ಬಿರಿಯುತ್ತದಲ್ಲ? ಅದಕ್ಕೆ ಕಾರಣ ಇದೇ. ಓಡು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಒಂದೇ ಸಮನೆ ಏದುಸಿರು ಬಿಟ್ಟಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗುತ್ತದೆ, ರಕ್ತ ಕ್ಷಾರದ ಕಡೆಗೆ ವಾಲುತ್ತದೆ, ಓಡು ಕಟ್ಟಲು ಬೇಕಾದ ಸರಕು ಸಾಲದೆ ಹೋಗುತ್ತದೆ. ಮೇಲಿಂದ ಸೆಕೆಗೆ ಮೇವೂ ಸೇರುವುದಿಲ್ಲ. ಮೊಟ್ಟೆ ಸಣ್ಣದಾಗುತ್ತದೆ, ಎಣಿಕೆ ಇಳಿಯುತ್ತದೆ, ಬೆಳೆಯುವ ಹುಂಜಗಳ ಮೈ ತುಂಬುವುದಿಲ್ಲ.

ಬೋಳು ಕೊರಳಿನ ಕೋಳಿಗೆ ಬಿಸಿ ಬಿಡಲು ಒಂದು ದೊಡ್ಡ ಬಾಗಿಲು ಹೆಚ್ಚಾಗಿ ಸಿಕ್ಕಿದೆ. ಕೊರಳಷ್ಟೇ ಅಲ್ಲ, ಅದರ ಪುಕ್ಕವನ್ನು ಎತ್ತಿ ನೋಡಿದರೆ ಎದೆ, ತೊಡೆಯ ಕಡೆಗಳಲ್ಲೂ ಪುಕ್ಕದ ಸಾಲುಗಳು ಕಿರಿದಾಗಿರುವುದು ಕಾಣುತ್ತದೆ. ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ಗುಣ ಪಡೆದ ಕೋಳಿಯಲ್ಲಿ ಪುಕ್ಕದ ಒಟ್ಟು ಪ್ರಮಾಣ ಶೇಕಡಾ 20ರಿಂದ 30ರಷ್ಟು ಕಡಿಮೆ. ಇಬ್ಬರಿಂದಲೂ ಪಡೆದಿದ್ದರೆ ಶೇಕಡಾ 40ರ ಹತ್ತಿರ. ಅಷ್ಟರಮಟ್ಟಿಗೆ ಏದುಸಿರು ತಪ್ಪುತ್ತದೆ, ಮೇವು ಸೇರುತ್ತದೆ, ಓಡು ಗಟ್ಟಿಯಾಗಿ ಉಳಿಯುತ್ತದೆ.

ಇನ್ನೊಂದು ಲಾಭವಿದೆ, ಹಿತ್ತಲಲ್ಲಿ ಸಾಕುವವರಿಗೆ ಇದು ಮುಖ್ಯ. ಪುಕ್ಕ ಎಂದರೆ ಬಹುಪಾಲು ಪ್ರೋಟೀನು. ಅದರಲ್ಲೂ ಗಂಧಕವಿರುವ ಅಮೈನೋ ಆಮ್ಲಗಳನ್ನು ಪುಕ್ಕ ಬಹಳ ಬೇಡುತ್ತದೆ. ನಾವು ಹಾಕುವ ರಾಗಿ, ನುಚ್ಚು, ಜೋಳದಲ್ಲಿ ಸದಾ ಕೊರತೆ ಬೀಳುವುದು ಅದೇ. ಪುಕ್ಕಕ್ಕೆ ಹೋಗಬೇಕಿದ್ದ ಆ ಪ್ರೋಟೀನಿನ ಒಂದು ಪಾಲು ಇಲ್ಲಿ ಮಾಂಸಕ್ಕೆ ತಿರುಗುತ್ತದೆ. ಕೊಯ್ದು ಪುಕ್ಕ ತೆಗೆದ ಮೇಲೆ ಸಿಗುವ ಮಾಂಸದ ಪಾಲು ಮಾಮೂಲಿ ಕೋಳಿಗಿಂತ ಸ್ವಲ್ಪ ಹೆಚ್ಚು ಬರುವುದು ಈ ಕಾರಣಕ್ಕೆ. ಪುಕ್ಕ ಕೀಳುವ ಕೆಲಸವೂ ಹಗುರ. ನಿಮ್ಮ ಮನೆಯಲ್ಲಿ ಆ ಕೆಲಸ ಮಾಡುವವರನ್ನು ಕೇಳಿ ನೋಡಿ, ಅದು ಎಷ್ಟು ದೊಡ್ಡ ಉಪಕಾರ ಅಂತ ಅವರೇ ಹೇಳುತ್ತಾರೆ.

ಹಾಗಾದರೆ ಪುಕ್ಕ ಕೊರಳಲ್ಲೇ ಏಕೆ ಮಾಯವಾಯಿತು, ಬೆನ್ನಲ್ಲಿ ಏಕಿಲ್ಲ? ಈ ಪ್ರಶ್ನೆಗೆ 2011ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿರುವ ರೋಸ್ಲಿನ್ ಸಂಸ್ಥೆಯ ಡೆನಿಸ್ ಹೆಡನ್ ಮತ್ತು ಅವರ ಜೊತೆಗಾರರು ಉತ್ತರ ಕೊಟ್ಟರು. ಡಾಲಿ ಕುರಿ ಹುಟ್ಟಿತಲ್ಲ, ಅದೇ ಸಂಸ್ಥೆ. ಕೋಳಿಯ ಒಂದನೆಯ ಕ್ರೋಮೋಸೋಮಿನ ಒಂದು ತುಂಡು ಎಂದೋ ಮೂರನೆಯ ಕ್ರೋಮೋಸೋಮಿಗೆ ಹೋಗಿ ಸೇರಿಕೊಂಡಿದೆ. ಅದು ಕೂತ ಜಾಗದ ಆಚೆಗೆ ಬಿಎಂಪಿ12 ಎಂಬ ವಂಶವಾಹಿ ಇದೆ. ತುಂಡು ಬಂದು ಕೂತದ್ದರಿಂದ ಭ್ರೂಣದ ಚರ್ಮದಲ್ಲಿ ಆ ವಂಶವಾಹಿ ಅಳತೆ ಮೀರಿ ಕೆಲಸ ಮಾಡುತ್ತದೆ. ಅದು ತಯಾರಿಸುವ ಪ್ರೋಟೀನಿನ ಸ್ವಭಾವವೇ ಪುಕ್ಕದ ಮೊಳಕೆಯನ್ನು ತಡೆಯುವುದು. ಆ ಪ್ರೋಟೀನು ಮೈಯ ಚರ್ಮದಲ್ಲೆಲ್ಲ ಹೆಚ್ಚಾಗಿರುತ್ತದೆ. ಆದರೆ ಕೊರಳಿನ ಚರ್ಮ ಮಾತ್ರ ವಿಟಮಿನ್ ಎ ವರ್ಗದ ರೆಟಿನೋಯಿಕ್ ಆಮ್ಲವನ್ನು ತಾನೇ ತಯಾರಿಸಿಕೊಳ್ಳುತ್ತದೆ, ಆ ಆಮ್ಲ ಇರುವಲ್ಲಿ ತಡೆಯ ಪರಿಣಾಮ ಇನ್ನೂ ಜೋರು. ಹಾಗಾಗಿ ಬೆನ್ನು ಪುಕ್ಕ ಉಳಿಸಿಕೊಂಡಿತು, ಕೊರಳು ಕಳೆದುಕೊಂಡಿತು. ಮಾಮೂಲಿ ಕೋಳಿಯ ಭ್ರೂಣದ ಚರ್ಮಕ್ಕೆ ಈ ಬಗೆಯ ಪ್ರೋಟೀನನ್ನು ಸ್ವಲ್ಪ ಸೇರಿಸಿದಾಗಲೂ ಮೊದಲು ಬೋಳಾದದ್ದು ಕೊರಳೇ.

ಇದು ನನಗೆ ಬಹಳ ಹಿಡಿಸಿದ ಸಂಶೋಧನೆ. ಹಕ್ಕಿಗಳ ಕೊರಳು ಸ್ವಭಾವತಃ ಬೋಳಾಗಲು ಹತ್ತಿರದಲ್ಲೇ ನಿಂತಿರುತ್ತದೆ ಅನ್ನುವುದು ಅದರಿಂದ ತಿಳಿಯಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದುಗಳನ್ನು ನೋಡಿದ್ದೀರಲ್ಲ, ಅವುಗಳ ಕೊರಳಲ್ಲೂ ಪುಕ್ಕವಿಲ್ಲ. ಉಷ್ಟ್ರಪಕ್ಷಿಗೂ ಹಾಗೇ. ಅವನ್ನು ನೋಡಿ ಯಾರೂ ಕಜ್ಜಿ ಅನ್ನುವುದಿಲ್ಲ.

ಈಗ ಎಚ್ಚರಿಕೆಯ ಮಾತು. ಬೋಳು ಕೊರಳಿನ ಲಾಭ ಸೆಕೆಯಲ್ಲಿ ಮಾತ್ರ. ಹವೆ ತಂಪಾಗಿದ್ದರೆ ಇದೇ ಬಾಗಿಲಿನಿಂದ ಮೈಗೆ ಬೇಕಾದ ಬಿಸಿಯೂ ಹೊರಹೋಗುತ್ತದೆ, ಅದನ್ನು ತುಂಬಲು ಕೋಳಿ ಹೆಚ್ಚು ಮೇವು ತಿನ್ನುತ್ತದೆ. ಟ್ರಾನ್ಸಿಲ್ವೇನಿಯಾದ ಹಿಮದಲ್ಲಿ ಅದು ಬದುಕಿದೆ ನಿಜ, ಗಟ್ಟಿ ಹಕ್ಕಿ. ಆದರೆ ಬದುಕುವುದು ಬೇರೆ, ಸಾಕಿದವನಿಗೆ ಗಿಟ್ಟುವುದು ಬೇರೆ. ಮಡಿಕೇರಿ, ಆಗುಂಬೆಯ ಕಡೆಯವರು ಯಾರಾದರೂ ಇಲ್ಲಿದ್ದರೆ ನಿಮಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಮಳೆಗಾಲವಿಡೀ ಒದ್ದೆ ಕೊರಳಿನಲ್ಲಿ ಅದು ನಡುಗುವುದೇ ಆದೀತು. ಕಲಬುರಗಿ, ರಾಯಚೂರು, ಯಾದಗಿರಿ, ಬಳ್ಳಾರಿ, ವಿಜಯಪುರ, ಚಿತ್ರದುರ್ಗದ ಬಯಲು, ಇವು ಇದರ ಜಾಗ.

ಅಲ್ಲೂ ಒಂದು ಮಿತಿ ಇದೆ. ಬರೀ ಚರ್ಮದಿಂದ ಬಿಸಿ ಗಾಳಿಗೆ ಹೋಗಬೇಕಾದರೆ ಗಾಳಿ ಚರ್ಮಕ್ಕಿಂತ ತಣ್ಣಗಿರಬೇಕು. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಮಧ್ಯಾಹ್ನದ ಬಿಸಿ 42 ಡಿಗ್ರಿ ಮುಟ್ಟಿದಾಗ ಗಾಳಿಯೇ ಕೋಳಿಗಿಂತ ಬಿಸಿಯಾಗಿರುತ್ತದೆ. ಆ ಮೂರ್ನಾಲ್ಕು ಗಂಟೆ ಬೋಳು ಕೊರಳು ಕೂಡ ಕೈಕೊಡುತ್ತದೆ. ನೆರಳು, ನೀರು, ಗಾಳಿಯಾಡುವ ಗೂಡು ಇಲ್ಲದಿದ್ದರೆ ಈ ಕೋಳಿಯೂ ಸಾಯುತ್ತದೆ. ಆದರೆ ಬೆಳಿಗ್ಗೆ, ಸಂಜೆ, ರಾತ್ರಿ ಗಾಳಿ ತಂಪಾದಾಗ ಹಗಲು ಮೈಯಲ್ಲಿ ಕೂಡಿದ ಬಿಸಿಯನ್ನು ಉಳಿದವುಗಳಿಗಿಂತ ಬೇಗ ಇಳಿಸಿಕೊಳ್ಳುತ್ತದೆ. ವ್ಯತ್ಯಾಸ ಬೀಳುವುದು ಅಲ್ಲಿ.

ನಮ್ಮ ದೇಶದ ಮಟ್ಟಿಗೆ ಇದು ಹೊಸದಲ್ಲ. ಕೇರಳದಲ್ಲಿ, ವಿಶೇಷವಾಗಿ ತಿರುವನಂತಪುರದ ಕಡೆ, ಮತ್ತೆ ಅಂಡಮಾನಿನಲ್ಲಿ ಬೋಳು ಕೊರಳಿನ ನಾಟಿ ಕೋಳಿಗಳಿವೆ. ಉತ್ತರ ಪ್ರದೇಶದ ಬರೇಲಿ ಹತ್ತಿರದ ಇಜ್ಜತ್‌ನಗರದಲ್ಲಿ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಇದೆ. ಅಲ್ಲಿಯ ವಿಜ್ಞಾನಿಗಳು ದೇಸಿ ಬೋಳು ಕೊರಳಿನ ಕೋಳಿಯನ್ನು ತಮ್ಮ ಕ್ಯಾರಿ ರೆಡ್ ಎಂಬ ತಳಿಯ ಜೊತೆ ಕೂಡಿಸಿ ಹಿತಕಾರಿ ಎಂಬ ತಳಿಯನ್ನು ಹಿತ್ತಲ ಸಾಕಣೆಗೆಂದೇ ಬಿಡುಗಡೆ ಮಾಡಿದ್ದಾರೆ. ಸುರುಳಿ ಪುಕ್ಕದ ದೇಸಿ ಕೋಳಿಯಿಂದ ಮಾಡಿದ ಅದರ ಜೊತೆಗಾರ ತಳಿ ಉಪಕಾರಿ. ನೋಟಕ್ಕೆ ವಿಚಿತ್ರವೆನಿಸಿದ ಎರಡು ಗುಣಗಳನ್ನು ಒಂದು ಸರ್ಕಾರಿ ಸಂಸ್ಥೆ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಎರಡೂ ಬಿಸಿಲಿಗೆ ಒಗ್ಗುವ ಗುಣಗಳು. ಫ್ರಾನ್ಸಿನಲ್ಲಿ ಲೇಬಲ್ ರೂಜ್ ಎಂಬ ಗುಣಮಟ್ಟದ ಮುದ್ರೆಯಡಿ ಮಾರುವ ಕೋಳಿಗಳಲ್ಲೂ ಬೋಳು ಕೊರಳಿನವು ಬಹಳ. ಅಲ್ಲಿ ಕೋಳಿಯನ್ನು 81 ದಿನಕ್ಕೆ ಮೊದಲು ಕೊಯ್ಯುವಂತಿಲ್ಲ, ನಮ್ಮ ಬ್ರಾಯ್ಲರ್ ಆರು ವಾರದೊಳಗೆ ಮುಗಿದಿರುತ್ತದೆ. ನಿಧಾನ ಬೆಳೆದ, ಗಟ್ಟಿ ಮಾಂಸದ ಕೋಳಿಗೆ ಆ ಜನ ಹೆಚ್ಚು ಹಣ ಕೊಡುತ್ತಾರೆ. ನಮ್ಮಲ್ಲಿ ಮುದ್ದೆಯ ಜೊತೆ ನಾಟಿ ಕೋಳಿ ಸಾರೇ ಆಗಬೇಕು ಅನ್ನುವವರ ಬಾಯಿರುಚಿಯೂ ಅದೇ.

‘ಗಿರಿರಾಜ, ಸ್ವರ್ಣಧಾರ ಇರುವಾಗ ಇದೇಕೆ?’ ಅಂತ ಒಬ್ಬ ತಾಯಿ ಚೀಟಿ ಕಳಿಸಿದ್ದಾರೆ. ಸರಿಯಾದ ಪ್ರಶ್ನೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಆ ಎರಡೂ ತಳಿಗಳು ನಮ್ಮ ರಾಜ್ಯದ ಹೆಮ್ಮೆ, ಅವನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಅವುಗಳ ಮರಿಯನ್ನು ಪ್ರತಿ ಸಲ ಕೇಂದ್ರದಿಂದಲೇ ತರಬೇಕು. ಮನೆಯಲ್ಲಿ ಮರಿ ಮಾಡಿಸಿದರೆ ಮುಂದಿನ ಪೀಳಿಗೆಯಲ್ಲಿ ಗುಣ ಚದುರಿಹೋಗುತ್ತದೆ. ಬೋಳು ಕೊರಳಿನ ಗುಣ ಹಾಗಲ್ಲ. ಅದು ಒಂದೇ ವಂಶವಾಹಿಯ ಕೆಲಸ, ಪ್ರಬಲ ಗುಣ, ಮನೆಯ ಹೇಟೆ ಕಾವಿಗೆ ಕೂತರೂ ಮುಂದಿನ ಮರಿಗೆ ಇಳಿಯುತ್ತದೆ. ನಿಮ್ಮ ನಾಟಿ ಹಿಂಡಿನ ರುಚಿ, ಕಾವಿಗೆ ಕೂರುವ ಬುದ್ಧಿ, ಹದ್ದು ಕಂಡರೆ ಮರಿಗಳನ್ನು ರೆಕ್ಕೆಯಡಿ ಸೇರಿಸುವ ಜಾಣ್ಮೆ ಎಲ್ಲ ಹಾಗೇ ಇರಲಿ, ಇದೊಂದು ಗುಣ ಬಂದು ಸೇರಲಿ. ತಳಿಯನ್ನೇ ಬದಲಾಯಿಸಬೇಕಿಲ್ಲ.

ಸೇರಿಸುವುದು ಹೇಗೆ? ಇಲ್ಲಿ ಕೋಳಿಯ ಕೊರಳನ್ನು ಓದಲು ಕಲಿಯಬೇಕು. ಕೊರಳಿನ ಮುಂಭಾಗದಲ್ಲಿ, ಎದೆಗೆ ಸ್ವಲ್ಪ ಮೇಲೆ, ಬೋ ಟೈ ಕಟ್ಟಿದ ಹಾಗೆ ಒಂದು ಪುಕ್ಕದ ಗೊಂಚಲು ಇದ್ದರೆ ಆ ಹಕ್ಕಿಯಲ್ಲಿ ಗುಣದ ಒಂದು ಪ್ರತಿ ಇದೆ, ಅಂದರೆ ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಬಂದಿದೆ. ಗೊಂಚಲಿಲ್ಲದೆ ಪೂರ್ತಿ ಬೋಳು, ಅಥವಾ ಒಂದೆರಡು ಎಳೆ ಪುಕ್ಕ ಮಾತ್ರ ಇದ್ದರೆ ಎರಡು ಪ್ರತಿ. ಪೂರ್ತಿ ಬೋಳಾದ ಒಂದು ಹುಂಜವನ್ನು ನಿಮ್ಮ ಮಾಮೂಲಿ ಹೇಟೆಗಳ ಜೊತೆ ಬಿಟ್ಟರೆ ಹುಟ್ಟುವ ಮರಿಗಳೆಲ್ಲವೂ ಗೊಂಚಲು ಕೊರಳಿನವು. ಒಂದನ್ನೂ ಬಿಡದೆ. ಗೊಂಚಲಿನ ಹುಂಜವಾದರೆ ಅರ್ಧದಷ್ಟು ಮರಿಗಳು. ಗೊಂಚಲಿನವನ್ನೇ ಪರಸ್ಪರ ಕೂಡಿಸಿದರೆ ನಾಲ್ಕರಲ್ಲಿ ಒಂದು ಪೂರ್ತಿ ಬೋಳು, ಎರಡು ಗೊಂಚಲು, ಒಂದು ಮಾಮೂಲಿ ಎಂಬ ಲೆಕ್ಕ. ಒಂದೇ ಕಾವಿನ ಹತ್ತು ಮರಿಯಲ್ಲಿ ಈ ಲೆಕ್ಕ ಕೂಡಿಬರದಿದ್ದರೆ ಗಾಬರಿ ಬೇಡ.

ಹಿಂಡಿನಲ್ಲಿ ಎಲ್ಲವೂ ಪೂರ್ತಿ ಬೋಳಾಗಲಿ ಅಂತ ಹಟ ಮಾಡಬೇಡಿ. ಎರಡೂ ಪ್ರತಿ ಇರುವ ಭ್ರೂಣಗಳು ಕಾವಿನ ಕೊನೆಯ ದಿನಗಳಲ್ಲಿ ಮೊಟ್ಟೆಯೊಳಗೇ ಸಾಯುವುದು ಸ್ವಲ್ಪ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಹಿತ್ತಲಿಗೆ ಗೊಂಚಲು ಕೊರಳಿನ ಹೇಟೆಯೇ ಹದವಾದ ಹಕ್ಕಿ. ಸೆಕೆಯ ಲಾಭದ ಬಹುಪಾಲು ಸಿಗುತ್ತದೆ, ಮರಿ ನಷ್ಟ ಇರುವುದಿಲ್ಲ, ಚಳಿಯ ರಾತ್ರಿಗಳಲ್ಲಿ ಕಷ್ಟವೂ ಕಡಿಮೆ.

ಸಾಕಣೆಯ ಬಹುಭಾಗ ನಾಟಿ ಕೋಳಿಯ ಹಾಗೇ. ಬೇರೆಯಾಗುವ ಕಡೆ ಮಾತ್ರ ಹೇಳುತ್ತೇನೆ.

ಮೊದಲನೆಯದು ಮರಿಗಳು. ದೊಡ್ಡ ಕೋಳಿಗೆ ವರವಾದದ್ದು ಮರಿಗೆ ಮೊದಲ ವಾರಗಳಲ್ಲಿ ಕಷ್ಟ. ಬ್ರೂಡರಿನಲ್ಲಿ, ಅಂದರೆ ದೀಪದ ಬಿಸಿ ಕೊಡುವ ಮರಿಗೂಡಿನಲ್ಲಿ, ಸಾಕುವುದಾದರೆ ಮೊದಲ ವಾರ ದೀಪದಡಿ 35 ಡಿಗ್ರಿ ಬಿಸಿ ಇರಲಿ, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸಿ. ಮಾಪಕಕ್ಕಿಂತ ಮರಿಗಳನ್ನು ನಂಬಿ: ಒಂದರ ಮೇಲೊಂದು ಬಿದ್ದು ಗುಂಪುಗೂಡಿದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದರೆ ಸೆಕೆ. ಮಾಮೂಲಿ ಮರಿಗಳ ಜೊತೆ ಇವಿದ್ದರೆ ಇವುಗಳನ್ನು ನೋಡಿ ಬಿಸಿ ಇಳಿಸಿ, ಅವನ್ನು ನೋಡಿ ಅಲ್ಲ. ತಾಯಿಕೋಳಿಯ ಕೆಳಗೇ ಬೆಳೆಯುವುದಾದರೆ ಈ ಚಿಂತೆ ಇಲ್ಲ, ರಾತ್ರಿ ನೆಲದ ತೇವ ಮತ್ತು ಗಾಳಿ ತಪ್ಪಿಸಿದರೆ ಸಾಕು.

ಎರಡನೆಯದು ಗಾಯ. ಬರೀ ಚರ್ಮದ ಮೇಲೆ ಒಂದು ಗೀರು ಬಿದ್ದು ರಕ್ತ ಕಂಡರೆ ಉಳಿದ ಕೋಳಿಗಳು ಅಲ್ಲಿಗೇ ಕುಕ್ಕುತ್ತವೆ. ಗೂಡಿನಲ್ಲಿ ಮೊಳೆ, ತಂತಿಯ ತುದಿ ಚಾಚಿಕೊಂಡಿರಬಾರದು. ಇಕ್ಕಟ್ಟು ಮಾಡಬೇಡಿ, ಒಂದು ಹಕ್ಕಿಗೆ ಎರಡು ಚದರ ಅಡಿ ಜಾಗ ಇರಲಿ. ಗಾಯವಾದದ್ದನ್ನು ಕೂಡಲೇ ಬೇರೆ ಮಾಡಿ, ಅರಿಶಿನ ಬೇವಿನೆಣ್ಣೆ ಹಚ್ಚಿ. ಇಲ್ಲೇ ಇನ್ನೊಂದು ಮಾತು: ಕೊರಳಲ್ಲಿ ಪುಕ್ಕ ಇಲ್ಲದ ಕೋಳಿಗಳೆಲ್ಲ ಈ ಗುಣದವಲ್ಲ. ಚರ್ಮ ನಯವಾಗಿದ್ದು ಹುಟ್ಟಿನಿಂದ ಹಾಗಿದ್ದರೆ ವಂಶದ ಗುಣ. ಮುರಿದ ಪುಕ್ಕದ ಬುಡ, ಹಕ್ಕಳೆ, ಕೆರೆತ ಇದ್ದರೆ ಅದು ಹೇನು, ಕಜ್ಜಿಹುಳ ಅಥವಾ ಕುಕ್ಕಾಟ. ಅದಕ್ಕೆ ಚಿಕಿತ್ಸೆ ಬೇಕು.

ಮೂರನೆಯದು ಲಸಿಕೆ. ಸೆಕೆ ತಡೆಯುವ ಗುಣ ಬಂದ ಮಾತ್ರಕ್ಕೆ ರೋಗ ತಡೆಯುವ ಗುಣ ಬಂದಂತಲ್ಲ. ರಾಣಿಖೇತ್ ಎಂದೂ ಕರೆಯುವ ಕೊಕ್ಕರೆ ರೋಗ ಒಂದು ಸಲ ಊರಿಗೆ ಹೊಕ್ಕರೆ ಬೋಳು ಕೊರಳು, ಪುಕ್ಕದ ಕೊರಳು ಅಂತ ನೋಡುವುದಿಲ್ಲ. ಮೊದಲ ವಾರದಲ್ಲಿ ಕೊಕ್ಕರೆ ರೋಗದ ಲಸಿಕೆಯ ಹನಿ ಕಣ್ಣಿಗೆ, ಎರಡನೆಯ ವಾರದಲ್ಲಿ ಗಂಬೊರೋ ಎಂಬ ಇನ್ನೊಂದು ರೋಗದ ಲಸಿಕೆ, ನಾಲ್ಕನೆಯ ವಾರದಲ್ಲಿ ಮತ್ತೆ ಕೊಕ್ಕರೆ ರೋಗಕ್ಕೆ ಲಸೋಟ ಲಸಿಕೆ, ಎಂಟು ವಾರ ದಾಟಿದ ಮೇಲೆ ಅದೇ ರೋಗಕ್ಕೆ ಆರ್2ಬಿ ಚುಚ್ಚುಮದ್ದು. ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ದಿನಗಳನ್ನು ಬರೆಸಿಕೊಂಡು ತಪ್ಪದೆ ಹಾಕಿಸಿ. ಕೋಳಿ ಸಿಡುಬನ್ನು ಸೊಳ್ಳೆ ಹರಡುತ್ತದೆ, ಹಾಗಾಗಿ ಅದರ ಲಸಿಕೆಯನ್ನೂ ಕೇಳಿ. ಗೂಡಿನ ಸುತ್ತ ನೀರು ನಿಲ್ಲದಂತೆ ನೋಡಿಕೊಳ್ಳಿ.

ಬೇಸಿಗೆಯಲ್ಲಿ ಮೇವನ್ನು ಬೆಳಗಿನ ಜಾವ ಮತ್ತು ಸಂಜೆಯ ತಂಪಿನಲ್ಲಿ ಹಾಕಿ. ನಡುಹಗಲು ನೀರು ಮುಖ್ಯ, ಮಡಕೆಯಲ್ಲಿ, ನೆರಳಲ್ಲಿ. ಮೊಟ್ಟೆ ಇಡುವ ಹೇಟೆಗೆ ಸುಣ್ಣದ ಅಂಶ ಸಿಗಲು ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿ ಇಡಿ, ಬೇಕಾದಷ್ಟು ಅದೇ ಆರಿಸಿ ತಿನ್ನುತ್ತದೆ. ಇಷ್ಟು ನೋಡಿಕೊಂಡರೆ ಶುದ್ಧ ಟ್ರಾನ್ಸಿಲ್ವೇನಿಯಾ ತಳಿಯ ಹೇಟೆ ವಾರಕ್ಕೆ ಮೂರರಷ್ಟು ತಿಳಿಗಂದು ಮೊಟ್ಟೆ ಇಡುತ್ತದೆ. ನಿಮ್ಮ ನಾಟಿಯ ಜೊತೆ ಬೆರೆತದ್ದು ಎಷ್ಟು ಇಡುತ್ತದೆ ಅನ್ನುವುದು ನಿಮ್ಮ ನಾಟಿ ಹೇಟೆಯನ್ನು ಅವಲಂಬಿಸಿದೆ. ಬೋಳು ಕೊರಳು ಮೊಟ್ಟೆಯನ್ನು ಹುಟ್ಟಿಸುವುದಿಲ್ಲ, ಸೆಕೆ ಕಿತ್ತುಕೊಳ್ಳಬೇಕಿದ್ದ ಮೊಟ್ಟೆಯನ್ನು ಉಳಿಸಿಕೊಡುತ್ತದೆ.

ಕೊನೆಯ ಚೀಟಿ: ‘ಸಂತೆಯಲ್ಲಿ ಇದನ್ನು ಯಾರು ಕೊಳ್ಳುತ್ತಾರೆ? ಅರ್ಧ ಬೆಲೆಗೆ ಕೇಳುತ್ತಾರೆ.’ ಹೌದು, ಜೀವಂತ ಕೋಳಿಯನ್ನು ನೋಟದಿಂದಲೇ ಅಳೆಯುವ ಸಂತೆಯಲ್ಲಿ ಈ ತೊಡಕು ನಿಜ, ಅದನ್ನು ಹಗುರ ಮಾಡಿ ಹೇಳಲಾರೆ. ಅದಕ್ಕೇ ನನ್ನ ಸಲಹೆ, ಮಾರುವ ಹುಂಜಗಳನ್ನು ತೂಕದ ಲೆಕ್ಕದಲ್ಲಿ, ಗುರುತಿನವರಿಗೆ, ಸಾಧ್ಯವಾದರೆ ಹಸನು ಮಾಡಿ ಕೊಡಿ. ಹೇಟೆಗಳನ್ನು ಮಾರಬೇಡಿ, ಮೊಟ್ಟೆ ಮಾರಿ. ಮೊಟ್ಟೆ ಕೊಳ್ಳುವವರು ಕೋಳಿಯ ಕೊರಳು ನೋಡುವುದಿಲ್ಲ.

ಶುರು ಮಾಡುವವರು ಒಂದು ಹುಂಜದಿಂದ ಶುರು ಮಾಡಿ. ಎಂಟು ಹತ್ತು ಹೇಟೆಗಳಿಗೆ ಒಂದು ಹುಂಜ ಸಾಕು. ತರುವ ಮುಂಚೆ ಅದರ ಕೊರಳನ್ನು ಕೈಯಿಂದ ತಡವಿ ನೋಡಿ, ಗೊಂಚಲು ಇದೆಯೋ ಇಲ್ಲವೋ. ತಂದ ಮೇಲೆ ಮೂರು ವಾರ ಬೇರೆ ಕಟ್ಟಿ, ರೋಗವಿಲ್ಲ ಅಂತ ಖಾತ್ರಿಯಾದ ಮೇಲೆ ಹಿಂಡಿಗೆ ಬಿಡಿ. ಹಿಂಡಿನಲ್ಲಿ ಆಗಲೇ ಇರುವ ಮಾಮೂಲಿ ಹುಂಜಗಳನ್ನು ಆ ಹೊತ್ತಿಗೆ ತೆಗೆದಿರಬೇಕು. ತೆಗೆದ ಮೇಲೂ ಎರಡು ಮೂರು ವಾರ ಇಟ್ಟ ಮೊಟ್ಟೆಗಳು ಹಳೆಯ ಹುಂಜದ ಮರಿ ಕೊಡಬಹುದು, ಅವನ್ನು ಕಾವಿಗೆ ಇಡದೆ ಅಡುಗೆಗೆ ಬಳಸಿ. ಇದರ ಮಗಳು ಹೇಟೆಗಳು ಮೊಟ್ಟೆಗೆ ಬರುವ ಹೊತ್ತಿಗೆ ಈ ಹುಂಜವನ್ನು ಪಕ್ಕದ ಊರಿನವರ ಬೋಳು ಕೊರಳಿನ ಹುಂಜದ ಜೊತೆ ಅದಲು ಬದಲು ಮಾಡಿಕೊಳ್ಳಿ, ರಕ್ತಸಂಬಂಧದ ಕೂಡಿಕೆ ತಪ್ಪುತ್ತದೆ. ಇಂಥ ಹುಂಜ ಬೇಕಾದವರು ಮತ್ತು ಈಗಾಗಲೇ ಮನೆಯಲ್ಲಿ ಇರುವವರು ಹೊರಗೆ ಮೇಜಿನ ಮೇಲಿರುವ ಪುಸ್ತಕದಲ್ಲಿ ಊರಿನ ಹೆಸರು ಬರೆದು ಹೋಗಿ, ಯಾರದು ಯಾರಿಗೆ ಹತ್ತಿರ ಅಂತ ಇವತ್ತೇ ಜೋಡಿ ಮಾಡಿಬಿಡೋಣ.